ಮನೆಯಲ್ಲೊಬ್ಬರಿಗೆ ಖಿನ್ನತೆ: ಉಳಿದವರು ಮಾಡಬೇಕಾದ್ದು, ನಿಲ್ಲಿಸಬೇಕಾದ್ದು

ನಾನು ಮನೋವೈದ್ಯಕೀಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ. ವೈದ್ಯರ ಕೋಣೆಯಿಂದ ಹೊರಬಂದ ಕುಟುಂಬಗಳು ಪಕ್ಕದಲ್ಲೇ ಇರುವ ನನ್ನ ಕೋಣೆಗೆ ಬರುತ್ತವೆ. ಕಾಯಿಲೆಯ ಹೆಸರು, ಔಷಧದ ಚೀಟಿ, ಮುಂದಿನ ಭೇಟಿಯ ದಿನಾಂಕ ಎಲ್ಲವೂ ಅಷ್ಟರಲ್ಲಿ ಅವರ ಕೈಸೇರಿರುತ್ತವೆ. "ಮನೆಗೆ ಹೋದ ಮೇಲೆ ನಾವೇನು ಮಾಡಬೇಕು?" ಎಂಬ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿರುವುದಿಲ್ಲ. ವೈದ್ಯರು ಕೆಲವು ವಾರಗಳಿಗೊಮ್ಮೆ ಸ್ವಲ್ಪ ಹೊತ್ತು ನೋಡುತ್ತಾರೆ. ಮಿಕ್ಕ ಸಮಯವೆಲ್ಲ ಆ ವ್ಯಕ್ತಿ ಇರುವುದು ನಿಮ್ಮ ಜೊತೆಯಲ್ಲೇ. ಹಾಗಾಗಿ ಇದನ್ನು ಖಿನ್ನತೆಗೆ ಒಳಗಾದವರ ಜೊತೆ ಒಂದೇ ಸೂರಿನಡಿ ಇರುವವರಿಗಾಗಿ ಬರೆಯುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯವರು ಹೊಸದಾಗಿ ಏನಾದರೂ ಮಾಡುವುದಕ್ಕಿಂತ, ಈಗಾಗಲೇ ಮಾಡುತ್ತಿರುವ ಕೆಲವನ್ನು ನಿಲ್ಲಿಸಿದರೆ ಹೆಚ್ಚು ಪ್ರಯೋಜನವಾಗುತ್ತದೆ. ಈ ಮಾತು ಹಿಡಿಸದೆ ಮುಖ ಗಂಟಿಕ್ಕಿಕೊಂಡವರು ಬಹಳ ಮಂದಿ. ಪರವಾಗಿಲ್ಲ, ಮುಂದೆ ಓದಿ.

ಬೇಸರವೋ, ಕಾಯಿಲೆಯೋ?

ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ನಿರ್ಣಯಿಸುವುದು ವೈದ್ಯರ ಕೆಲಸ. ನೀವು ಗಮನಿಸಬೇಕಾದದ್ದು ಎರಡು ವಾರಗಳ ಗಡುವನ್ನು. ದಿನದ ಹೆಚ್ಚಿನ ಹೊತ್ತು, ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಮನಸ್ಸು ಕುಗ್ಗಿದ್ದರೆ ಅಥವಾ ಮೊದಲು ಇಷ್ಟಪಡುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ವೈದ್ಯರಿಗೆ ತೋರಿಸಿ. ಇದರ ಜೊತೆಗೆ ನಿದ್ರೆ, ಹಸಿವು, ಏಕಾಗ್ರತೆ ಕೆಡುತ್ತವೆ, ಸಣ್ಣ ಕೆಲಸಕ್ಕೂ ಆಯಾಸವಾಗುತ್ತದೆ, ತಾನು ಯಾತಕ್ಕೂ ಬಾರದವನು ಎಂಬ ಭಾವ ಕಾಡುತ್ತದೆ. ಎಲ್ಲರೂ ಅಳುತ್ತಾ ಕೂರುವುದಿಲ್ಲ. ಹದಿಹರೆಯದವರಲ್ಲಿ ಇದು ಸಿಡುಕಾಗಿ ಕಾಣಿಸಿಕೊಳ್ಳಬಹುದು. ವಯಸ್ಸಾದವರು ಮೈಕೈ ನೋವು, ಮರೆವು ಎಂದು ಹೇಳಿಕೊಂಡು ಬರುತ್ತಾರೆ, ಮನಸ್ಸಿನ ಮಾತನ್ನೇ ಎತ್ತುವುದಿಲ್ಲ. ಥೈರಾಯ್ಡ್ ಗ್ರಂಥಿಯ ತೊಂದರೆ, ರಕ್ತಹೀನತೆ, ಬಿ12 ಜೀವಸತ್ವದ ಕೊರತೆ ಕೂಡ ಇಂಥದೇ ಲಕ್ಷಣಗಳನ್ನು ತರುವುದರಿಂದ ವೈದ್ಯರು ರಕ್ತಪರೀಕ್ಷೆಗೆ ಬರೆದುಕೊಟ್ಟರೆ ಅದನ್ನು ದಂಡದ ಖರ್ಚು ಎಂದುಕೊಳ್ಳಬೇಡಿ.

ಮಾತು

1950ರ ದಶಕದಲ್ಲಿ ಲಂಡನ್ನಿನ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು, ದೀರ್ಘಕಾಲ ಮಾನಸಿಕ ಆಸ್ಪತ್ರೆಯಲ್ಲಿದ್ದು ಬಿಡುಗಡೆಯಾದವರು ಆಮೇಲೆ ಹೇಗಿದ್ದಾರೆ ಎಂದು ಹುಡುಕಿಕೊಂಡು ಹೋದರು. ಅವರಿಗೆ ಕಂಡದ್ದು ಯಾರೂ ನಿರೀಕ್ಷಿಸದ ಸಂಗತಿ. ತಂದೆತಾಯಿಯ ಬಳಿಗೋ ಹೆಂಡತಿಯ ಬಳಿಗೋ ಮರಳಿದವರಿಗಿಂತ, ಬಾಡಿಗೆ ಕೋಣೆಗೆ ಅಥವಾ ಒಡಹುಟ್ಟಿದವರ ಮನೆಗೆ ಹೋದವರು ಹೆಚ್ಚು ಚೆನ್ನಾಗಿದ್ದರು. ಪ್ರೀತಿಸುವವರ ಮನೆಯಲ್ಲೇ ಕಾಯಿಲೆ ಮರುಕಳಿಸುವುದೇಕೆ ಎಂದು ಬೆನ್ನುಹತ್ತಿದಾಗ ಸಿಕ್ಕಿದ್ದು ಮೂರು ಸಂಗತಿಗಳು: ಸತತ ಟೀಕೆ, ಹಗೆತನ, ಮತ್ತು ಉಸಿರುಗಟ್ಟಿಸುವಷ್ಟು ಕಾಳಜಿ. 1976ರಲ್ಲಿ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ ಇದನ್ನೇ ಖಿನ್ನತೆ ಇರುವವರಲ್ಲೂ ನೋಡಿದರು. ಭ್ರಮೆಗಳು ಕಾಡುವ ಸ್ಕಿಜೋಫ್ರೇನಿಯಾ ಎಂಬ ಗಂಭೀರ ಮಾನಸಿಕ ಕಾಯಿಲೆ ಇದ್ದವರಿಗಿಂತಲೂ ಇವರಿಗೆ ಟೀಕೆ ಬೇಗ ತಾಗುತ್ತಿತ್ತು, ಕಡಿಮೆ ಪ್ರಮಾಣದ್ದೂ ಸಾಕಾಗುತ್ತಿತ್ತು.

ಇದನ್ನು ಹೇಳಿದ ಕೂಡಲೇ ನನ್ನೆದುರು ಕುಳಿತ ಅಮ್ಮಂದಿರ ಕಣ್ಣು ತುಂಬುತ್ತದೆ. "ಹಾಗಾದರೆ ಎಲ್ಲ ನಮ್ಮಿಂದಲೇ ಆಯಿತೇ?" ಖಂಡಿತ ಇಲ್ಲ. ಕಾಯಿಲೆ ನಿಮ್ಮಿಂದ ಬಂದದ್ದಲ್ಲ. ಅದಕ್ಕೆ ಆನುವಂಶಿಕತೆ, ದೇಹಸ್ಥಿತಿ, ಜೀವನದ ಪೆಟ್ಟುಗಳು ಹೀಗೆ ಹಲವು ಕಾರಣಗಳಿವೆ. ಕಾಯಿಲೆಯವರ ಜೊತೆ ತಿಂಗಳುಗಟ್ಟಲೆ ಬಾಳಿದ ಯಾರಿಗಾದರೂ ತಾಳ್ಮೆ ಕೆಡುತ್ತದೆ. ಆದರೆ ಚೇತರಿಕೆಯ ಒಂದು ಎಳೆ ನಿಮ್ಮ ಕೈಯಲ್ಲಿದೆ.

ಟೀಕೆ ಎಂದರೆ ಬೈಗುಳ ಎಂದು ಮನೆಯವರು ತಿಳಿದಿರುತ್ತಾರೆ. "ನಾವು ಒಂದು ದಿನವೂ ಗದರಿಸಿಲ್ಲ ಮೇಡಂ" ಎನ್ನುತ್ತಾರೆ. ಪಕ್ಕದಲ್ಲಿ ಕುಳಿತ ಮಗ ನೆಲ ನೋಡುತ್ತಿರುತ್ತಾನೆ. ಸ್ವಲ್ಪ ಹೊತ್ತು ಮಾತಾಡಿಸಿದರೆ ನಿಧಾನವಾಗಿ ಹೊರಬರುತ್ತದೆ: "ನಿನ್ನ ವಯಸ್ಸಿನಲ್ಲಿ ನಾನು ಇಡೀ ಮನೆ ನಡೆಸುತ್ತಿದ್ದೆ." "ನಿನಗೇನು ಕಡಿಮೆ ಮಾಡಿದ್ದೇವೆ?" "ಮನಸ್ಸು ಗಟ್ಟಿ ಮಾಡಿಕೋ." "ಪಕ್ಕದ ಮನೆಯವನನ್ನು ನೋಡು, ಅವನಿಗೆ ಎಷ್ಟು ಕಷ್ಟವಿದೆ." ಇವುಗಳ ಜೊತೆಗೆ ಮಾತೇ ಇಲ್ಲದ ಟೀಕೆಗಳೂ ಇವೆ. ಮಲಗಿದ್ದವನ ಕೋಣೆಯ ಪರದೆಯನ್ನು ಸರ್ರನೆ ಎಳೆಯುವುದು, ಪಾತ್ರೆ ಕುಕ್ಕುವುದು, ಫೋನಿನಲ್ಲಿ ನೆಂಟರಿಗೆ ಅವನಿಗೆ ಕೇಳಿಸುವಂತೆ ನಿಟ್ಟುಸಿರು ಬಿಡುವುದು.

ಹೀಗೆ ಮಾತಾಡುವವರು ಕಲ್ಲು ಮನಸ್ಸಿನವರೇನಲ್ಲ. ಅವನು ಮನಸ್ಸು ಮಾಡಿದರೆ ಏಳಬಲ್ಲ, ಬೇಕೆಂದೇ ಏಳುತ್ತಿಲ್ಲ ಎಂಬ ನಂಬಿಕೆ ಒಳಗೊಳಗೇ ಇರುವುದರಿಂದ ಈ ಮಾತುಗಳು ಬರುತ್ತವೆ. ಜ್ವರ ಬಂದವನು ಹಾಸಿಗೆ ಬಿಟ್ಟೇಳದಿದ್ದರೆ ನಮಗೆ ಸಿಟ್ಟು ಬರುವುದಿಲ್ಲವಲ್ಲ. ಆದ್ದರಿಂದ ನಾಲಿಗೆಗಿಂತ ಮೊದಲು ತಿದ್ದಬೇಕಾದದ್ದು ಆ ನಂಬಿಕೆಯನ್ನು. ಖಿನ್ನತೆಯಲ್ಲಿ ಸೋಮಾರಿತನದಂತೆ ಕಾಣುವುದು ಆ ಕಾಯಿಲೆಯ ಮುಖ್ಯ ಲಕ್ಷಣವೇ. ಸ್ನಾನಕ್ಕೆ ಏಳುವುದು ಆರೋಗ್ಯವಂತರಿಗೆ ಒಂದು ಕೆಲಸ, ಖಿನ್ನತೆಯಲ್ಲಿರುವವರಿಗೆ ಹತ್ತು ಕೆಲಸ: ಹೊದಿಕೆ ಸರಿಸಬೇಕು, ಕೂರಬೇಕು, ಬಟ್ಟೆ ಆರಿಸಬೇಕು, ಮತ್ತೆ ನಿಲ್ಲಬೇಕು. ಒಂದೊಂದೂ ಬೇರೆಬೇರೆಯಾಗಿ ತೀರ್ಮಾನಿಸಬೇಕಾದ ಸಂಗತಿ.

ಮಾತನ್ನು ಬದಲಿಸುವ ಬಗೆ ಹೀಗೆ. ನಿಮಗೆ ಕಿರಿಕಿರಿಯಾಗುವುದು ಸಹಜ, ಅದನ್ನು ನುಂಗಿಕೊಂಡೇ ಇರಿ ಎಂದು ನಾನು ಹೇಳುವುದಿಲ್ಲ. ನುಂಗಿದ್ದು ಇನ್ನೊಂದು ದಿನ ಇನ್ನೂ ಕೆಟ್ಟದಾಗಿ ಹೊರಬರುತ್ತದೆ. ಆದರೆ ವ್ಯಕ್ತಿಯನ್ನು ಬಿಟ್ಟು ಒಂದು ಘಟನೆಯ ಬಗ್ಗೆ ಮಾತ್ರ ಹೇಳಿ, ಒಂದೇ ಸಲ ಹೇಳಿ, ಕೊನೆಯಲ್ಲಿ ಏನು ಬೇಕೆಂದು ಕೇಳಿ. "ನೀನು ಯಾವಾಗಲೂ ಹೀಗೆಯೇ, ನಮ್ಮ ಯೋಚನೆಯೇ ಇಲ್ಲ" ಎನ್ನುವ ಬದಲು "ನೀನು ಫೋನ್ ತೆಗೆಯದಿದ್ದಾಗ ನನಗೆ ಹೆದರಿಕೆಯಾಯಿತು. ಮಾತಾಡಲು ಆಗದಿದ್ದರೆ ಒಂದಕ್ಷರ ಸಂದೇಶ ಕಳಿಸು, ಸಾಕು." 'ಯಾವಾಗಲೂ', 'ಎಂದೂ', 'ಒಂದು ದಿನವಾದರೂ' ಎಂಬ ಪದಗಳು ಬಾಯಿಗೆ ಬಂದರೆ ಅಲ್ಲೇ ತಡೆಯಿರಿ. ಆ ಪದಗಳ ಹಿಂದೆ ಬರುವ ವಾಕ್ಯ ಬಹುಪಾಲು ಚುಚ್ಚುಮಾತೇ ಆಗಿರುತ್ತದೆ.

ಸಮಾಧಾನದ ಮಾತುಗಳಲ್ಲೂ ಕೆಲವು ಚುಚ್ಚುತ್ತವೆ. "ಎಲ್ಲ ಸರಿಹೋಗುತ್ತದೆ ಬಿಡು" ಎಂದರೆ ಕೇಳಿದವರಿಗೆ ಅದು "ಇನ್ನು ಈ ವಿಷಯ ಸಾಕು" ಎಂಬಂತೆ ಕೇಳಿಸುತ್ತದೆ. ಅದರ ಬದಲು "ಇವತ್ತು ಬಹಳ ಕಷ್ಟವಾಗಿದೆ ಅನ್ನಿಸುತ್ತದೆ. ನಾನು ಇಲ್ಲೇ ಇರುತ್ತೇನೆ, ಮಾತಾಡಲೇಬೇಕೆಂದಿಲ್ಲ" ಎಂದು ಹೇಳಿ ನಿಮ್ಮ ಪಾಡಿಗೆ ಬಟ್ಟೆ ಮಡಚುತ್ತಾ ಕುಳಿತುಕೊಳ್ಳಿ. ಬಹಳಷ್ಟು ಗಂಡಸರು ಈ ಸಲಹೆಗೆ ತಬ್ಬಿಬ್ಬಾಗುತ್ತಾರೆ. ಪರಿಹಾರ ಹೇಳದೆ ಕೂರುವುದು ಅವರಿಗೆ ಕೈಕಟ್ಟಿ ಹಾಕಿದ ಹಾಗೆ. ಆದರೂ ಕೂರಬೇಕು.

ನಿಮ್ಮ ಮನೆಯ ಸ್ಥಿತಿ ತಿಳಿಯಲು ಒಂದು ಸುಲಭ ದಾರಿಯಿದೆ. 1989ರಲ್ಲಿ ಜಿಲ್ ಹೂಲಿ ಮತ್ತು ಜಾನ್ ಟೀಸ್‌ಡೇಲ್ ಎಂಬ ಸಂಶೋಧಕರು ಖಿನ್ನತೆಗೆ ಚಿಕಿತ್ಸೆ ಪಡೆದಿದ್ದ ವಿವಾಹಿತರಿಗೆ ಒಂದು ಸರಳ ಪ್ರಶ್ನೆ ಕೇಳಿದರು: ನಿಮ್ಮ ಸಂಗಾತಿ ನಿಮ್ಮನ್ನು ಎಷ್ಟು ಟೀಕಿಸುತ್ತಾರೆ? ಒಂದರಿಂದ ಹತ್ತರೊಳಗೆ ಅಂಕ ಕೊಡಿ. ಯಾರಿಗೆ ಕಾಯಿಲೆ ಮರುಕಳಿಸುತ್ತದೆ ಎಂಬುದನ್ನು ಆ ಒಂದು ಅಂಕ ಉಳಿದ ಅಳತೆಗಳಿಗಿಂತ ಚೆನ್ನಾಗಿ ಸೂಚಿಸಿತು. ನೀವೂ ಕೇಳಿ ನೋಡಿ. ಉತ್ತರ ಎಂಟು ಎಂದು ಬಂದರೆ "ಅದು ಹೇಗೆ ಎಂಟು?" ಎಂದು ವಾದಕ್ಕೆ ಇಳಿಯಬೇಡಿ. ಇಳಿದರೆ ಅದು ಒಂಬತ್ತಾಗುತ್ತದೆ. "ಆರಕ್ಕೆ ಇಳಿಯಬೇಕಾದರೆ ನಾನು ಯಾವುದನ್ನು ಬಿಡಬೇಕು?" ಎಂದು ಮಾತ್ರ ಕೇಳಿ.

ಅತಿ ಕಾಳಜಿ

ಇನ್ನು ಉಸಿರುಗಟ್ಟಿಸುವ ಪ್ರೀತಿ. ಕೋಣೆಯ ಬಾಗಿಲನ್ನು ಅರ್ಧ ಗಂಟೆಗೊಮ್ಮೆ ತೆರೆದು ನೋಡುವುದು, ಊಟದ ತುತ್ತು ಎಣಿಸುವುದು, ಅವರ ಪರವಾಗಿ ಎಲ್ಲ ಪ್ರಶ್ನೆಗಳಿಗೂ ನೀವೇ ಉತ್ತರಿಸುವುದು. ನನ್ನ ಕೋಣೆಯಲ್ಲಿ ನಾನು ಮಗಳನ್ನು "ನಿದ್ರೆ ಹೇಗಿದೆ?" ಎಂದು ಕೇಳಿದರೆ ಅಪ್ಪ ಉತ್ತರಿಸುತ್ತಾರೆ. ಆಕೆಯ ವಯಸ್ಸು ಮೂವತ್ತು ದಾಟಿರುತ್ತದೆ.

ಆ ಹಳೆಯ ಸಂಶೋಧನೆಗಳಲ್ಲಿ ಇನ್ನೊಂದು ಅಂಕಿ ಇದೆ: ವಾರಕ್ಕೆ 35 ಗಂಟೆ. ಟೀಕೆ ಅಥವಾ ಅತಿ ಕಾಳಜಿ ಹೆಚ್ಚಿದ್ದ ಮನೆಗಳಲ್ಲಿ, ಸ್ಕಿಜೋಫ್ರೇನಿಯಾ ಇದ್ದವರು ಮನೆಯವರ ಜೊತೆ ಮುಖಾಮುಖಿಯಾಗಿ ಕಳೆಯುವ ಸಮಯ ಇದಕ್ಕಿಂತ ಹೆಚ್ಚಿದ್ದಾಗ ಮರುಕಳಿಕೆಯೂ ಹೆಚ್ಚಿತ್ತು. ಗಡಿಯಾರ ಹಿಡಿದು ಅಳೆಯಲು ಹೇಳುತ್ತಿಲ್ಲ. ದಿನದಲ್ಲಿ ಇಬ್ಬರೂ ಬೇರೆಬೇರೆಯಾಗಿ ಇರುವ ಹೊತ್ತು ಖಿನ್ನತೆ ಇರುವ ಮನೆಗೂ ಬೇಕು. ನೀವು ಹೊರಗೆ ನಡೆದಾಡಿ ಬನ್ನಿ, ನಿಮ್ಮ ಕೆಲಸಕ್ಕೆ ಹೋಗಿ, ಗೆಳತಿಯ ಮನೆಗೆ ಹೋಗಿ. ಆತ್ಮಹತ್ಯೆಯ ಅಪಾಯವಿದ್ದಾಗ ಮಾತ್ರ ಈ ನಿಯಮ ತಲೆಕೆಳಗಾಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಏಳಿಸುವುದು ಹೇಗೆ

"ಮನಸ್ಸಾದಾಗ ಮಾಡುತ್ತೇನೆ" ಎನ್ನುತ್ತಾರೆ ಅವರು. ಖಿನ್ನತೆಯಲ್ಲಿ ಮನಸ್ಸು ಮೊದಲು ಬರುವುದಿಲ್ಲ, ಕೆಲಸದ ಹಿಂದೆ ಕಾಲೆಳೆದುಕೊಂಡು ಬರುತ್ತದೆ. 1996ರಲ್ಲಿ ಅಮೆರಿಕದ ನೀಲ್ ಜೇಕಬ್‌ಸನ್ ಮತ್ತು ತಂಡ, ಪೂರ್ಣ ಅರಿವಿನ ಚಿಕಿತ್ಸೆಯನ್ನೂ (ಯೋಚಿಸುವ ರೀತಿಯನ್ನು ಗುರುತಿಸಿ ತಿದ್ದುವ ಮಾತಿನ ಚಿಕಿತ್ಸೆ) ಅದರೊಳಗಿನ ಒಂದು ಭಾಗವನ್ನು, ಅಂದರೆ ಚಟುವಟಿಕೆ ಹೆಚ್ಚಿಸುವುದನ್ನು ಮಾತ್ರವೂ ಹೋಲಿಸಿದಾಗ ಎರಡರ ಫಲವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಈ ಭಾಗಕ್ಕೆ ಮನೆಯವರು ಕೈಜೋಡಿಸಬಹುದು.

"ಎದ್ದು ಸ್ವಲ್ಪ ಓಡಾಡು" ಎಂಬ ಮಾತು ಕೆಲಸ ಮಾಡುವುದಿಲ್ಲ. ಅದರಲ್ಲಿ ಯಾವಾಗ, ಎಲ್ಲಿಗೆ, ಎಷ್ಟು ದೂರ ಎಂಬ ಮೂರು ತೀರ್ಮಾನಗಳನ್ನು ನೀವು ಅವರ ತಲೆಯ ಮೇಲೆ ಹೊರಿಸಿದ್ದೀರಿ. "ಐದೂವರೆಗೆ ನಾನು ಚಪ್ಪಲಿ ಹಾಕಿಕೊಳ್ಳುತ್ತೇನೆ. ರಸ್ತೆಯ ತಿರುವಿನವರೆಗೆ ಹೋಗಿ ಬರೋಣ" ಎನ್ನಿ. ಐದೂವರೆಗೆ ನಿಜವಾಗಿಯೂ ಚಪ್ಪಲಿ ಹಾಕಿಕೊಳ್ಳಿ. ಬಾರದಿದ್ದರೆ ಮುಖ ಊದಿಸಿಕೊಳ್ಳದೆ ಒಬ್ಬರೇ ಹೋಗಿ ಬನ್ನಿ, ಮಾರನೆಯ ದಿನ ಅದೇ ಹೊತ್ತಿಗೆ ಅದೇ ದನಿಯಲ್ಲಿ ಮತ್ತೆ ಕರೆಯಿರಿ. ನೀವು ಸುಲಭ ಎಂದುಕೊಂಡ ಕೆಲಸವನ್ನು ಅರ್ಧ ಮಾಡಿ, ಆ ಅರ್ಧವನ್ನೂ ಇನ್ನೊಮ್ಮೆ ಅರ್ಧ ಮಾಡಿ ಕೇಳಿ. ಇಡೀ ಕಪಾಟು ಜೋಡಿಸುವ ಬದಲು ಅದರ ಒಂದು ಖಾನೆ. ಮಾಡಿ ಮುಗಿಸಿದಾಗ ಮಗುವಿಗೆ ಹೇಳುವಂತೆ "ಭೇಷ್ ಭೇಷ್" ಎಂದು ಚಪ್ಪಾಳೆ ತಟ್ಟಬೇಡಿ. ವಯಸ್ಕರಿಗೆ ಅದು ಅವಮಾನ. "ನೀನು ಬಂದದ್ದು ಒಳ್ಳೆಯದಾಯಿತು" ಎಂದರೆ ಸಾಕು.

ರಾತ್ರಿ ಎಷ್ಟೊತ್ತಿಗೆ ನಿದ್ರೆ ಬರುತ್ತದೆಂಬುದು ಯಾರ ಹತೋಟಿಯಲ್ಲೂ ಇಲ್ಲ, ಬೆಳಿಗ್ಗೆ ಏಳುವ ಹೊತ್ತನ್ನು ಮಾತ್ರ ನಿಗದಿ ಮಾಡಬಹುದು. ಏಳುವ ಸಮಯ ಪ್ರತಿದಿನ ಒಂದೇ ಇರಲಿ, ಎದ್ದ ಮೇಲೆ ಬೆಳಕಿಗೆ ಬರಲಿ. ಮದ್ಯ ಮನೆಯಲ್ಲಿ ಬೇಡ. ಅದು ನಿದ್ರೆ ತರಿಸಿದಂತೆ ಮಾಡಿ ನಡುರಾತ್ರಿ ಎಬ್ಬಿಸುತ್ತದೆ, ಮನಸ್ಸನ್ನೂ ಇನ್ನಷ್ಟು ಕುಗ್ಗಿಸುತ್ತದೆ.

ಮಾತ್ರೆಗಳು

ಮಾತ್ರೆ ಬೇಕೋ, ಮಾತಿನ ಚಿಕಿತ್ಸೆ ಸಾಕೋ, ಎರಡೂ ಬೇಕೋ ಎಂಬುದು ಕಾಯಿಲೆಯ ತೀವ್ರತೆಯ ಮೇಲೆ ವೈದ್ಯರು ತೀರ್ಮಾನಿಸುವ ವಿಷಯ. ಕೊಟ್ಟಿದ್ದರೆ ಮನೆಯವರಿಗೆ ಒಂದು ವಿಷಯ ಗೊತ್ತಿರಬೇಕು: ಖಿನ್ನತೆ ನಿವಾರಕ ಮಾತ್ರೆಗಳಲ್ಲಿ ತೊಂದರೆ ಮೊದಲು ಬರುತ್ತದೆ, ಗುಣ ಆಮೇಲೆ ಬರುತ್ತದೆ. ವಾಕರಿಕೆ, ತಲೆನೋವು, ನಿದ್ರೆಯ ಏರುಪೇರು ಮೊದಲ ದಿನಗಳಲ್ಲೇ ಕಾಣಿಸಬಹುದು, ಮನಸ್ಸು ಹಗುರಾಗಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಈ ಎರಡರ ನಡುವಿನ ದಿನಗಳಲ್ಲೇ ಬಹುಪಾಲು ಮಂದಿ ಮಾತ್ರೆ ಎಸೆಯುವುದು, "ಇದರಿಂದ ಏನೂ ಆಗಲಿಲ್ಲ" ಎಂದು ಮನೆಯವರೂ ತಲೆಯಾಡಿಸುವುದು.

ಗುಣವಾಯಿತು ಎನಿಸಿದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಲು ಸಾಮಾನ್ಯವಾಗಿ ಹೇಳುತ್ತಾರೆ. ನಿಲ್ಲಿಸುವಾಗ ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು, ಒಮ್ಮೆಲೇ ಬಿಟ್ಟರೆ ತಲೆಸುತ್ತು, ಕಳವಳ, ಸಿಡುಕು ಬರಬಹುದು. ಎರಡು ಸಂದರ್ಭಗಳಲ್ಲಿ ಮುಂದಿನ ಭೇಟಿಯವರೆಗೆ ಕಾಯಬೇಡಿ, ಅಂದೇ ವೈದ್ಯರಿಗೆ ತಿಳಿಸಿ. ಒಂದು, ಅವರು ಇದ್ದಕ್ಕಿದ್ದಂತೆ ವಿಪರೀತ ಉತ್ಸಾಹದಲ್ಲಿ, ನಿದ್ರೆಯೇ ಬೇಡವೆಂಬಂತೆ, ನಿಲ್ಲದೆ ಮಾತಾಡುತ್ತಾ ಹಣ ಖರ್ಚು ಮಾಡತೊಡಗಿದರೆ. ಅದು ಅತಿ ಉತ್ಸಾಹವೂ ಖಿನ್ನತೆಯೂ ಬೇರೆಬೇರೆ ಕಾಲದಲ್ಲಿ ಬರುವ ಬೈಪೋಲಾರ್ ಕಾಯಿಲೆಯ ಸೂಚನೆಯಾಗಿರಬಹುದು. ಇನ್ನೊಂದು, ಎಳೆಯರಲ್ಲಿ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ತಳಮಳ ಅಥವಾ ಸಾವಿನ ಯೋಚನೆ ಹೆಚ್ಚಿದರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೆ ಕೊಟ್ಟ ಎಚ್ಚರಿಕೆಯನ್ನು 2007ರಲ್ಲಿ 24 ವರ್ಷದವರೆಗೆ ವಿಸ್ತರಿಸಿತು. ಇದು ಮಾತ್ರೆ ಕೊಡಬಾರದೆಂಬ ಎಚ್ಚರಿಕೆಯಲ್ಲ, ಹತ್ತಿರದಿಂದ ಗಮನಿಸಬೇಕೆಂಬುದು.

ಸಾವಿನ ಮಾತು ಬಂದಾಗ

ಕೇಳಿ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಕೇಳಬೇಡಿ, ನೇರವಾಗಿ ಕೇಳಿ: "ಸಾಯಬೇಕು ಅನ್ನಿಸುತ್ತಿದೆಯೇ? ಹೇಗೆ ಎಂದು ಯೋಚಿಸಿದ್ದೀಯಾ?" ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯಕ್ಕೆ ಸಂಶೋಧನೆಯ ಆಧಾರವಿಲ್ಲ. ಕೇಳಿದಾಗ ಬಹಳ ಮಂದಿಗೆ ಎದೆಯ ಭಾರ ಇಳಿದಂತಾಗುವುದನ್ನು ನಾನು ಕಂಡಿದ್ದೇನೆ. ಹೌದು ಎಂದರೆ ಗಾಬರಿಯಿಂದ ಅಳಬೇಡಿ, "ಹಾಗೆಲ್ಲ ಮಾತಾಡಬಾರದು" ಎಂದು ಬಾಯಿ ಮುಚ್ಚಿಸಬೇಡಿ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. "ನೀನು ಹೇಳಿದ್ದು ಒಳ್ಳೆಯದಾಯಿತು, ಇದನ್ನು ನಾವು ಒಟ್ಟಿಗೆ ವೈದ್ಯರಿಗೆ ಹೇಳೋಣ" ಎನ್ನಿ. ಯೋಜನೆಯೂ ಸಾಧನವೂ ಕೈಗೆಟುಕುವಂತಿದ್ದರೆ ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಅಪಾಯಕಾರಿ ವಸ್ತುಗಳನ್ನು ಮನೆಯಿಂದ ಸಾಗಿಸುವುದು ಬಹಳ ಮುಖ್ಯ. ಸಾಯಲೇಬೇಕೆಂಬ ತೀವ್ರ ಆವೇಗ ಹೆಚ್ಚಾಗಿ ಅಲ್ಪಕಾಲದ್ದು, ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಅನೇಕರು ಉಳಿಯುತ್ತಾರೆ. ಬೇರೆ ದಾರಿ ಹುಡುಕಿಕೊಂಡು ಹೋಗೇ ಹೋಗುತ್ತಾರೆ ಎಂಬುದು ತಪ್ಪು ಕಲ್ಪನೆ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಹೋದಂತೆ 1990ರ ದಶಕದ ಮಧ್ಯದಿಂದ ಆತ್ಮಹತ್ಯೆಗಳ ಒಟ್ಟು ಪ್ರಮಾಣವೇ ಇಳಿದದ್ದು ಇದಕ್ಕೆ ದೊಡ್ಡ ಸಾಕ್ಷಿ. ಹಳೆಯ ಮಾತ್ರೆಗಳನ್ನೂ ವಿಷವಸ್ತುಗಳನ್ನೂ ಬೇರೆ ಮನೆಗೆ ಕಳಿಸಿ. ಚಿಕಿತ್ಸೆಯ ಮಾತ್ರೆಗಳನ್ನು ಒಂದು ವಾರಕ್ಕೆ ಬೇಕಾದಷ್ಟೇ ಕೈಗೆ ಸಿಗುವಂತೆ ಇಡಿ.

ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆ ಒಂದೇ ಪುಟದ್ದು. ಯೋಚನೆ ಕೆರಳುವ ಮುನ್ಸೂಚನೆಗಳೇನು, ಒಬ್ಬರೇ ಏನು ಮಾಡಿಕೊಳ್ಳಬಹುದು, ಮನಸ್ಸು ಬೇರೆಡೆ ತಿರುಗಿಸಲು ಯಾರ ಬಳಿ ಅಥವಾ ಎಲ್ಲಿಗೆ ಹೋಗಬಹುದು, ಸಹಾಯ ಕೇಳಬಹುದಾದ ಮನೆಯವರು ಯಾರು, ವೈದ್ಯರ ಮತ್ತು ಸಹಾಯವಾಣಿಯ ಸಂಖ್ಯೆ ಯಾವುದು, ಮನೆಯನ್ನು ಹೇಗೆ ಸುರಕ್ಷಿತಗೊಳಿಸಬೇಕು. ಇದನ್ನು ಚಿಕಿತ್ಸಕರ ಜೊತೆ ಕುಳಿತು ಅವರದೇ ಮಾತಿನಲ್ಲಿ ಬರೆಸಿ. ನೀವು ಬರೆದುಕೊಟ್ಟರೆ ಅದು ನಿಮ್ಮ ಯೋಜನೆಯಾಗುತ್ತದೆ.

ಮಕ್ಕಳು, ನೆಂಟರು, ನೀವು

ಮಕ್ಕಳಿಗೆ ಏನೂ ಗೊತ್ತಾಗುವುದಿಲ್ಲ ಎಂದುಕೊಳ್ಳಬೇಡಿ. ಹೇಳದಿದ್ದರೆ ಅವರು ತಮ್ಮದೇ ಕಾರಣ ಕಟ್ಟಿಕೊಳ್ಳುತ್ತಾರೆ, ಆ ಕಾರಣ ಹೆಚ್ಚಾಗಿ "ನಾನು ತುಂಟತನ ಮಾಡಿದ್ದಕ್ಕೆ" ಎಂದಿರುತ್ತದೆ. "ಅಪ್ಪನಿಗೆ ಮನಸ್ಸಿನ ಕಾಯಿಲೆ ಬಂದಿದೆ, ಅದಕ್ಕೇ ಆಡಲು ಬರುತ್ತಿಲ್ಲ. ಅದು ನಿನ್ನಿಂದ ಬಂದದ್ದಲ್ಲ. ಡಾಕ್ಟರು ನೋಡುತ್ತಿದ್ದಾರೆ, ನಿನ್ನನ್ನು ನಾನು ನೋಡಿಕೊಳ್ಳುತ್ತೇನೆ." ಇಷ್ಟು ಹೇಳಿ, ಪ್ರಶ್ನೆ ಬಂದಾಗ ಉತ್ತರಿಸಿ. ಅಪ್ಪನನ್ನು ನಗಿಸುವ ಜವಾಬ್ದಾರಿಯನ್ನು ಮಗುವಿಗೆ ವಹಿಸಬೇಡಿ.

ನೆಂಟರಿಗೆ ಒಂದು ವಾಕ್ಯ ಸಿದ್ಧವಿಟ್ಟುಕೊಳ್ಳಿ: "ಚಿಕಿತ್ಸೆ ನಡೆಯುತ್ತಿದೆ, ಬೇಕಾದಾಗ ಕೇಳುತ್ತೇನೆ." ವಿವರಿಸಲು ಹೊರಟರೆ ಸಲಹೆಗಳ ಮಳೆ ಸುರಿಯುತ್ತದೆ. ಆದರೆ ಎಲ್ಲರಿಂದಲೂ ಮುಚ್ಚಿಡುವುದೂ ಬೇಡ. ಮನೆಯ ಹೊರಗೆ ಒಬ್ಬರಿಗೆ ಪೂರ್ತಿ ವಿಷಯ ಗೊತ್ತಿರಲಿ, ಆ ಒಬ್ಬರನ್ನು ಕಾಯಿಲೆಯವರನ್ನು ಕೇಳಿಯೇ ಆರಿಸಿ.

ಆರೈಕೆಯ ಕೆಲಸ ಬಹುಪಾಲು ಮನೆಗಳಲ್ಲಿ ಒಬ್ಬ ಹೆಂಗಸಿನ ಮೇಲೆ ಬೀಳುತ್ತದೆ, ಉಳಿದವರು "ಏನಾದರೂ ಬೇಕಿದ್ದರೆ ಹೇಳು" ಎಂದು ನಿಂತಿರುತ್ತಾರೆ. ಅವರಿಗೆ ಹೇಳಿ: ಆಸ್ಪತ್ರೆಗೆ ಜೊತೆಗೆ ಹೋಗುವವರು ಇವರು, ಮಾತ್ರೆ ತರುವವರು ಅವರು, ಭಾನುವಾರ ಮಧ್ಯಾಹ್ನ ಮನೆಯಲ್ಲಿರುವವರು ಇನ್ನೊಬ್ಬರು. ಹೆಸರು ಬರೆದು ಗೋಡೆಗೆ ಅಂಟಿಸಿ. ಆರೈಕೆ ಮಾಡುವವರಲ್ಲೂ ಖಿನ್ನತೆಯ ಅಪಾಯ ಹೆಚ್ಚು, ಮೇಲೆ ಹೇಳಿದ ಎರಡು ವಾರಗಳ ಗಡುವು ನಿಮಗೂ ಅನ್ವಯಿಸುತ್ತದೆ. ನಿಮ್ಮ ಹೆಸರಿನಲ್ಲೂ ಒಂದು ಚೀಟಿ ಮಾಡಿಸಲು ಹಿಂಜರಿಯಬೇಡಿ.

ಕೊನೆಯದಾಗಿ, ಅವರು ಚೇತರಿಸಿಕೊಂಡ ಮೇಲೆ ಮಾಡುವ ಒಂದು ಕೆಲಸವಿದೆ. ಒಮ್ಮೆ ಖಿನ್ನತೆ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಮತ್ತೆ ಬರುತ್ತದೆ. ಹಾಗಾಗಿ ಮನಸ್ಸು ತಿಳಿಯಾಗಿರುವ ಕಾಲದಲ್ಲಿ ಅವರನ್ನೇ ಕೇಳಿ: ಈ ಸಲ ಮೊದಲು ಕೈಬಿಟ್ಟದ್ದು ಯಾವುದನ್ನು? ಒಬ್ಬಾಕೆ ಹಾಡು ಕೇಳುವುದನ್ನು ಬಿಟ್ಟಿದ್ದರು, ಇನ್ನೊಬ್ಬರು ಬೆಳಗಿನ ನಾಲ್ಕಕ್ಕೆ ಏಳಲು ತೊಡಗಿದ್ದರು, ಮತ್ತೊಬ್ಬರು ಸಂದೇಶಗಳಿಗೆ ಉತ್ತರಿಸುವುದನ್ನು ನಿಲ್ಲಿಸಿದ್ದರು. ಅವರು ಹೇಳಿದ್ದನ್ನು ಬರೆದಿಡಿ. ಅದು ಎಷ್ಟು ದಿನ ಕಂಡುಬಂದರೆ ವೈದ್ಯರಿಗೆ ಫೋನ್ ಮಾಡಬೇಕು, ಮನೆಯವರಲ್ಲಿ ಯಾರು ಮಾಡಬೇಕು, ಆಗ ತಾನು "ಏನೂ ಆಗಿಲ್ಲ" ಎಂದು ಜಗಳವಾಡಿದರೂ ಮಾಡಬಹುದೇ ಎಂಬುದನ್ನೂ ಅವರ ಒಪ್ಪಿಗೆ ಪಡೆದು ಅದೇ ಹಾಳೆಯಲ್ಲಿ ಸೇರಿಸಿ. ಒಂದು ಪ್ರತಿ ಅವರ ಬಳಿ, ಒಂದು ನಿಮ್ಮ ಬಳಿ, ಒಂದು ಆಸ್ಪತ್ರೆಯ ಕಡತದಲ್ಲಿ ಇರಲಿ.